ಕಂದಾಚಾರ: ಒಂದು ಪಡೆಯ ಹೆಸರು

ಕಳೆದ ವರ್ಷ ನನ್ನ ಪಿಎಚ್‌ಡಿ ಪ್ರಬಂಧದ ಎರಡನೆಯ ಅಧ್ಯಾಯ ಮಾರ್ಗದರ್ಶಕರ ಮೇಜಿನಿಂದ ವಾಪಸು ಬಂದಾಗ ಅದರ ಒಂದು ಪದದ ಸುತ್ತ ಪೆನ್ಸಿಲಿನಲ್ಲಿ ವೃತ್ತ ಎಳೆದಿತ್ತು. ನಾನು ಬರೆದಿದ್ದ ವಾಕ್ಯ ಹೀಗಿತ್ತು: ‘ದೇವನಹಳ್ಳಿ ಕೋಟೆಯ ಸುತ್ತ ಇಂದಿಗೂ ಉಳಿದಿರುವ ಆಚರಣೆಗಳಲ್ಲಿ ಯಾವುದು ಪರಂಪರೆ, ಯಾವುದು ಬರೀ ಕಂದಾಚಾರ ಎಂದು ಬಿಡಿಸಿ ನೋಡಬೇಕಾಗಿದೆ.’ ವೃತ್ತ ಬಿದ್ದದ್ದು ‘ಕಂದಾಚಾರ’ಕ್ಕೆ. ಪಕ್ಕದಲ್ಲಿ ಎರಡೇ ಮಾತು: ‘ರೈಸ್ ನೋಡು.’

ನೋಡಿದೆ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿ ಕಂದಾಚಾರ ಎಂಬುದು ಮೂಢನಂಬಿಕೆಯ ಹೆಸರಲ್ಲ, ಒಂದು ಪಡೆಯ ಹೆಸರು. ಚಿಕ್ಕದೇವರಾಜ ಒಡೆಯರು ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ಹಂಚಿದರಲ್ಲ, ಅದರಲ್ಲಿ ಕಂದಾಚಾರದ ಚಾವಡಿಯೂ ಒಂದು. ನಾಡಿನ ಕಾಲಾಳುಗಳ ಲೆಕ್ಕ ಅಲ್ಲಿ. ಕಂದಾಚಾರದವನು ಪೂರ್ತಿ ಸಿಪಾಯಿ ಅಲ್ಲ, ಪೂರ್ತಿ ಬೇಸಾಯಗಾರನೂ ಅಲ್ಲ. ಊರಲ್ಲಿ ಹೊಲ ಇತ್ತು, ಸಂಬಳದ ಒಂದು ಪಾಲು ಭೂಮಿಯ ರೂಪದಲ್ಲಿ ಬರುತ್ತಿತ್ತು, ಕರೆ ಬಂದಾಗ ಕತ್ತಿಯನ್ನೋ ಬಂದೂಕನ್ನೋ ಹಿಡಿದು ಠಾಣ್ಯಕ್ಕೆ ನಡೆಯುತ್ತಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದಿವಾನ್ ಪೂರ್ಣಯ್ಯನವರು ಇಂಥವರನ್ನು ಬೀದಿಗೆ ಬಿಡದೆ ಅದೇ ಹೆಸರಿನಲ್ಲಿ ಉಳಿಸಿಕೊಂಡರು. ಹತ್ತೊಂಬತ್ತನೆಯ ಶತಮಾನ ಸಾಗಿದ ಹಾಗೆ ಅವರ ಕೆಲಸ ಪೊಲೀಸಿನದಾಯಿತು, ಖಜಾನೆ ಕಾಯುವುದಾಯಿತು. ಆಮೇಲೆ ಇಲಾಖೆಯೂ ಹೋಯಿತು, ಹೆಸರೂ ಹೋಯಿತು. ಈಗ ಕನ್ನಡದಲ್ಲಿ ಈ ಪದವನ್ನು ಉಚ್ಚರಿಸಿದರೆ ಯಾರ ಕಣ್ಣ ಮುಂದೆಯೂ ಒಬ್ಬ ಕಾಲಾಳು ನಿಲ್ಲುವುದಿಲ್ಲ. ನಾನೂ, ಕೋಟೆಗಳ ಬಗ್ಗೆ ಸಂಶೋಧನೆ ಮಾಡುತ್ತಿರುವವಳು, ಕೋಟೆ ಕಾಯುತ್ತಿದ್ದ ಪಡೆಯ ಹೆಸರನ್ನು ಬೈಗುಳವಾಗಿ ಬಳಸಿ, ಅದೇ ಕೋಟೆಯ ಬಗ್ಗೆ ಒಂದು ಅಧ್ಯಾಯ ಬರೆದು ಮುಗಿಸಿದ್ದೆ.

ಈ ಬರಹಕ್ಕೆ ಆ ಮುಜುಗರವೇ ಕಾರಣ. ಕೋಟೆಗಳು ಹಾಳಾಗುತ್ತಿವೆ ಎಂದು ಬರೆಯುವ ಒಂದು ದೊಡ್ಡ ಬರವಣಿಗೆಯೇ ಕನ್ನಡದಲ್ಲಿದೆ. ಭಾನುವಾರದ ಪುರವಣಿಗಳಲ್ಲಿ, ಪ್ರವಾಸದ ಪುಟಗಳಲ್ಲಿ, ಈಗ ರೀಲ್ಸ್‌ಗಳ ಹಿನ್ನೆಲೆ ದನಿಯಲ್ಲಿ. ಅದರ ಪದಕೋಶ ನಮಗೆಲ್ಲ ಬಾಯಿಪಾಠ: ಗತವೈಭವ, ಕಾಲನ ಹೊಡೆತ, ಮೂಕಸಾಕ್ಷಿ, ಆಳುವವರ ನಿರ್ಲಕ್ಷ್ಯ. ಎಂ.ಎ. ಓದುವಾಗ ಒಂದು ಸ್ಪರ್ಧೆಗೆ ನಾನು ಬರೆದ ಪ್ರಬಂಧದಲ್ಲಿ ‘ಮೂಕಸಾಕ್ಷಿ’ ಮೂರು ಸಲ ಬಂದಿತ್ತು, ಬಹುಮಾನವೂ ಬಂದಿತ್ತು. ಆ ಬರವಣಿಗೆಯಲ್ಲಿ ಪ್ರೀತಿ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಕಣ್ಮರೆಯಾದದ್ದಕ್ಕೆ ಅಳುವ ಭರದಲ್ಲಿ ಅದು ಯಾರನ್ನು ಕಣ್ಮರೆ ಮಾಡುತ್ತಿದೆ ಎಂದು ಒಮ್ಮೆ ಅದರ ವಾಕ್ಯಗಳನ್ನೇ ಬಿಡಿಸಿ ನೋಡಬೇಕು.

ದೇವನಹಳ್ಳಿಯನ್ನೇ ತೆಗೆದುಕೊಳ್ಳೋಣ. ಯಾವ ಲೇಖನ ತೆರೆದರೂ ಕತೆ ನಾಲ್ಕು ವಾಕ್ಯ. 1501ರಲ್ಲಿ ಆವತಿಯ ನಾಡಪ್ರಭು ಮಲ್ಲಬೈರೇಗೌಡ ಕೋಟೆ ಕಟ್ಟಿದ. 1749ರಲ್ಲಿ ಮೈಸೂರಿನ ದಳವಾಯಿ ನಂಜರಾಜಯ್ಯ ಗೆದ್ದ. ಹೈದರ್, ಟಿಪ್ಪು ಅದನ್ನು ಕಲ್ಲಿನಲ್ಲಿ ಬಲಪಡಿಸಿದರು. 1791ರಲ್ಲಿ ಕಾರ್ನವಾಲಿಸ್ ವಶಪಡಿಸಿಕೊಂಡ. ಟಿಪ್ಪು ಹುಟ್ಟಿದ ಊರು ಎಂಬುದು ಐದನೆಯ ವಾಕ್ಯ. ಚಕ್ಕೋತದ ಹಣ್ಣು, ವಿಮಾನ ನಿಲ್ದಾಣ ಆರನೆಯದು. ಎಲ್ಲವೂ ನಿಜ. ಆದರೆ ಕ್ರಿಯಾಪದಗಳೆಲ್ಲ ಯಾರ ಪಾಲಾದವು ನೋಡಿ. ಕಟ್ಟಿದ, ಗೆದ್ದ, ಬಲಪಡಿಸಿದ, ವಶಪಡಿಸಿಕೊಂಡ: ನಾಲ್ಕಕ್ಕೂ ಕರ್ತೃ ಒಬ್ಬ ಒಡೆಯ. ಒಡೆಯನ ಹೆಸರು ಗೊತ್ತಿಲ್ಲದ ಕಡೆ ನಮ್ಮ ವಾಕ್ಯಗಳು ಕರ್ಮಣಿಗೆ ಜಾರುತ್ತವೆ. ಕಂದಕ ತೋಡಲಾಯಿತು, ಬುರುಜು ನಿರ್ಮಿಸಲಾಯಿತು, ಕಾವಲು ಹಾಕಲಾಯಿತು. ಯಾರು ತೋಡಿದರು, ಯಾರು ಕಾದರು ಎನ್ನುವುದನ್ನು ವ್ಯಾಕರಣವೇ ಮುಚ್ಚಿಹಾಕುತ್ತದೆ.

ಈ ಅಭ್ಯಾಸ ನಮ್ಮಲ್ಲೇ ಹುಟ್ಟಿದ್ದಲ್ಲ ಎಂದುಕೊಂಡು ಮಾರ್ಕ್ ವಿಲ್ಕ್ಸ್‌ನ ಕಡೆ ತಿರುಗಿದೆ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದವನು. ದಕ್ಷಿಣ ಭಾರತದ ಚರಿತ್ರೆಯನ್ನು 1810ರಿಂದ 1817ರವರೆಗೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದವನು. 1749ರ ದೇವನಹಳ್ಳಿ ಮುತ್ತಿಗೆಯ ಕತೆಗೆ ಇವತ್ತಿಗೂ ಎಲ್ಲರೂ ಅವನನ್ನೇ ಆಶ್ರಯಿಸುವುದು. ಹೈದರ್ ಎಂಬ, ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದ ಸವಾರ ನಂಜರಾಜಯ್ಯನ ಗಮನ ಸೆಳೆದದ್ದು ಈ ಮುತ್ತಿಗೆಯಲ್ಲಿ. ಅದಕ್ಕೆ ಪ್ರತಿಫಲವಾಗಿ ಅವನಿಗೆ ಸಿಕ್ಕದ್ದು ಐವತ್ತು ಕುದುರೆ, ಇನ್ನೂರು ಕಾಲಾಳು, ಕೋಟೆಯ ಒಂದು ಬಾಗಿಲ ಕಾವಲು. ಮೈಸೂರಿನ ಮುಂದಿನ ಐವತ್ತು ವರ್ಷಗಳ ಚರಿತ್ರೆ ಆ ಬಾಗಿಲಿನಿಂದ ಹೊರಟಿತು ಎನ್ನಬಹುದು. ವಿಲ್ಕ್ಸ್ ಒಳ್ಳೆಯ ಕತೆಗಾರ, ಅದನ್ನು ಒಪ್ಪಬೇಕು. ಆದರೆ ಆ ಇನ್ನೂರು ಮಂದಿ ಅವನ ಪುಟದಲ್ಲಿ ಬಂದು ಹೋಗುವುದು ಒಂದು ಅಂಕಿಯಾಗಿ, ಕುದುರೆಗಳ ಲೆಕ್ಕದ ಪಕ್ಕದಲ್ಲಿ.

ಇನ್ನೂ ವಿಚಿತ್ರವಾದದ್ದು ಹೊಸಕೋಟೆಯ ಪ್ರಸಂಗ. 1768ರ ಆಗಸ್ಟ್ ತಿಂಗಳ ಒಂದು ರಾತ್ರಿ, ಇಂಗ್ಲಿಷರ ಜೊತೆಗಿದ್ದ ಮರಾಠ ಸರದಾರ ಮುರಾರಿರಾಯನ ಬಿಡಾರದ ಮೇಲೆ ಹೈದರನ ಪಡೆ ನುಗ್ಗುತ್ತದೆ. ಕತ್ತಲಲ್ಲಿ ಗಾಯಗೊಂಡ ಆನೆಯೊಂದು ಗೂಟದಿಂದ ಬಿಡಿಸಿಕೊಂಡು, ತನ್ನನ್ನು ಕಟ್ಟಿದ್ದ ಸರಪಳಿಯನ್ನೇ ಸೊಂಡಿಲಿನಲ್ಲಿ ಹಿಡಿದು ಬೀಸುತ್ತ ಓಡಿ, ದಾಳಿ ಮಾಡಿದವರನ್ನೇ ಚೆಲ್ಲಾಪಿಲ್ಲಿ ಮಾಡುತ್ತದೆ. ಎಂಥ ಚಿತ್ರ! ಆನೆಗೆ ಅಲ್ಲಿ ಸ್ವಂತದ ಕ್ರಿಯಾಪದಗಳಿವೆ. ಅದರ ಕಾಲ ಕೆಳಗೆ ಸಿಕ್ಕವರಿಗೆ ಇಲ್ಲ.

ಹೊಸಕೋಟೆಯ ಕೋಟೆಯಾದರೂ ಇವತ್ತು ಹೆಚ್ಚಾಗಿ ಹೆಸರಿನಲ್ಲೇ ಇದೆ. ಸುಗಟೂರಿನ ತಮ್ಮೇಗೌಡ ಕಟ್ಟಿಸಿದಾಗ ಅದು ಹೊಸದು. ಊರು ಆ ‘ಹೊಸ’ವನ್ನು ಇನ್ನೂ ಹೊತ್ತು ನಡೆಯುತ್ತಿದೆ. ದೊಡ್ಡ ಕೆರೆ, ಅವಿಮುಕ್ತೇಶ್ವರನ ಗುಡಿ ಉಳಿದಿವೆ.

ಯೂರೋಪಿನ ಚಿತ್ರಕಾರರದು ಇನ್ನೊಂದು ರೀತಿ. ಕಾರ್ನವಾಲಿಸನ ಸೇನೆಯ ಜೊತೆ ಬಂದಿದ್ದ ರಾಬರ್ಟ್ ಹೋಮ್ ಮೈಸೂರು ಸೀಮೆಯ ನೋಟಗಳನ್ನು 1794ರಲ್ಲಿ ಲಂಡನ್ನಿಗೆ ತಲುಪಿಸಿದ. ಅಂಥ ಚಿತ್ರಗಳ ಜಾಯಮಾನದಲ್ಲಿ ಬೆಟ್ಟ ದೊಡ್ಡದು, ಕೋಟೆ ದೂರದ್ದು, ಮನುಷ್ಯರು ಗಾತ್ರ ತಿಳಿಸಲು ಇಟ್ಟ ಅಳತೆಗೋಲು. ಈಗ ಡ್ರೋನ್ ಕ್ಯಾಮೆರಾ ಮಾಡುತ್ತಿರುವುದೂ ಅದನ್ನೇ. ಮೇಲಿನಿಂದ ದೇವನಹಳ್ಳಿ ಕೋಟೆ ಚೆಂದದ ಮೊಟ್ಟೆಯಾಕಾರ. ಇಪ್ಪತ್ತು ಎಕರೆಯಷ್ಟು ಜಾಗ, ಸುತ್ತ ಅರ್ಧವೃತ್ತದ ಬುರುಜುಗಳು. ಕೆಳಗಿಳಿದರೆ ಮಾತ್ರ ಒಳಗೆ ಬೀದಿಗಳಿವೆ, ಮನೆಗಳಿವೆ, ವೇಣುಗೋಪಾಲಸ್ವಾಮಿ ಗುಡಿಯ ಮುಂದೆ ಚಪ್ಪಲಿ ಬಿಟ್ಟು ಹೋದವರಿದ್ದಾರೆ ಎಂದು ಗೊತ್ತಾಗುವುದು.

ಮೊದಲ ಸಲ ಹೋದಾಗ ನಾನು ಕೋಟೆಗೋಡೆಯ ಕಡೆಗೇ ಕ್ಯಾಮೆರಾ ಹಿಡಿದಿದ್ದೆ. ಅದರ ಪಕ್ಕದಲ್ಲೇ ಒಬ್ಬಾಕೆ ಚಾಪೆ ಹಾಸಿ ಹುರುಳಿಕಾಳು ಒಣಗಿಸುತ್ತಿದ್ದರು. ಫ್ರೇಮಿನಿಂದ ಚಾಪೆ ತಪ್ಪಿಸಲು ನಾನು ಪಕ್ಕಕ್ಕೆ ಸರಿಯುವುದನ್ನು ನೋಡಿ, ‘ನೀವೂ ಹಾಳಾಗೈತೆ ಅಂತ ಬರೀತೀರೇನಮ್ಮ?’ ಎಂದರು. ಏನು ಹೇಳಬೇಕೋ ತಿಳಿಯದೆ ನಕ್ಕೆ. ‘ಬಂದವ್ರೆಲ್ಲ ಅಂಗೇ ಬರೀತಾರೆ. ನಾವು ದಿನಾ ಗುಡಿಸ್ತೀವಿ’ ಎಂದು ಕಾಳು ಕೈಯಾಡಿಸತೊಡಗಿದರು.

ಗೋಡೆ ಬೀಳುತ್ತಿಲ್ಲ ಎಂದು ಆ ಮಾತಿನ ಅರ್ಥವಲ್ಲ. ಗಾರೆ ಉದುರಿದೆ, ಬಿರುಕಿನಲ್ಲಿ ಗಿಡ ಬೇರು ಬಿಟ್ಟಿದೆ. ಕೇಂದ್ರದ ಪುರಾತತ್ವ ಇಲಾಖೆಯ ಫಲಕ ಇದ್ದ ಮಾತ್ರಕ್ಕೆ ಕಲ್ಲು ನಿಲ್ಲುವುದಿಲ್ಲ. ಆದರೆ ‘ಪಾಳುಬಿದ್ದ ಕೋಟೆ’ ಎಂಬ ಕಾವ್ಯಮಯ ಮಾತು ಚೆಂದ ಕಾಣಲು ಕೋಟೆಯೊಳಗೆ ಜನ ಇರಬಾರದು. ಇದ್ದರೆ ಅವರು ಒತ್ತುವರಿದಾರರಾಗಿ ಮಾತ್ರ ಆ ಲೇಖನದೊಳಗೆ ಬರಬಹುದು.

ಇದೇ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಹಳ್ಳಿಗಳ ಸುದ್ದಿ ಬೇರೆ ಪುಟದಲ್ಲಿ ಬರುತ್ತದೆ. ಕೈಗಾರಿಕೆಗೆಂದು 1,777 ಎಕರೆ ಭೂಮಿಯನ್ನು ವಶಪಡಿಸಿಕೊಳ್ಳುವ ನಿರ್ಧಾರದ ವಿರುದ್ಧ ಅಲ್ಲಿನ ರೈತರು 2022ರಿಂದ ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಡುವುದಾಗಿ ಘೋಷಿಸಿತು. ಧರಣಿ ನಡೆಯುತ್ತಿದ್ದ ಆ ದಿನಗಳಲ್ಲೇ ನಾನು ಪಕ್ಕದ ಕೋಟೆಯ ಬಗ್ಗೆ ಅಧ್ಯಾಯ ಬರೆಯುತ್ತಿದ್ದೆ. ಎರಡಕ್ಕೂ ಸಂಬಂಧವಿದೆ ಎಂದು ಒಂದು ದಿನವೂ ಹೊಳೆಯಲಿಲ್ಲ. ಕೋಟೆ ಚರಿತ್ರೆಯ ಪುಟದ್ದು, ರೈತ ರಾಜಕೀಯದ ಪುಟದವನು ಎಂದು ನಾನೇ ಹಂಚಿಕೊಂಡಿದ್ದೆ. ಕಂದಾಚಾರದ ಅರ್ಥ ಗೊತ್ತಿದ್ದರೆ ಹಾಗೆ ಹಂಚುವುದು ಕಷ್ಟ. ಸುತ್ತಲ ಹೊಲದಲ್ಲಿ ಉಳುವವರಿದ್ದಾರೆ ಎಂಬ ನಂಬಿಕೆಯ ಮೇಲೆಯೇ ಅಂಥ ಕೋಟೆಗಳು ನಿಂತಿದ್ದವು. ನಮ್ಮ ಭಾಷೆ ಈ ಹೊಂದಾಣಿಕೆಯನ್ನು ಇನ್ನೂ ಮರೆತಿಲ್ಲ. ಕೋಟೆಗೋಡೆಯ ನೆತ್ತಿಯ ಹಲ್ಲಿನಂಥ ಸಾಲಿಗೆ ಕನ್ನಡದಲ್ಲಿ ‘ತೆನೆ’ ಎನ್ನುತ್ತಾರೆ. ರಾಗಿಯ ತೆನೆಗೂ ಅದೇ ಮಾತು. ಬೆಂಗಳೂರಿನ ಸುತ್ತ ಹೆಜ್ಜೆಗೊಂದು ‘ಪಾಳ್ಯ’ ಸಿಗುತ್ತದೆ, ಅದು ಪಡೆ ಬಿಡಾರ ಬಿಟ್ಟ ಜಾಗ. ‘ದಂಡು’ ರೈಲ್ವೆ ನಿಲ್ದಾಣದಲ್ಲಿ ಇಳಿಯುವವರಿಗೆ ಅದು ಸೇನೆ ಎಂಬ ನೆನಪು ಬೇಕಿಲ್ಲ. ಇನ್ನು ದೇವನಹಳ್ಳಿಯ ಹಳೆಯ ಹೆಸರು ದೇವನದೊಡ್ಡಿ. ಕೋಟೆಗೆ ಮೊದಲು ದನ ಕೂಡುವ ದೊಡ್ಡಿ.

ದನದ ಮಾತು ಬಂದರೆ ವೀರಗಲ್ಲಿನ ಮಾತೂ ಬರಬೇಕು. ನಾನು ಈ ಬರಹದಲ್ಲಿ ಹೇಳಬೇಕೆಂದುಕೊಂಡ ಮುಖ್ಯ ಸಂಗತಿ ಇರುವುದೂ ಇಲ್ಲೇ.

ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯದು. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳ ಶಾಸನಗಳು ಅದರಲ್ಲಿ ಸಾಲಾಗಿ ಇವೆ. ಇಷ್ಟು ಮಾತಾಡುವ ಕಲ್ಲುಗಳಿರುವ ಸೀಮೆಯಲ್ಲಿ ನಿಂತು ಕಲ್ಲನ್ನು ‘ಮೂಕಸಾಕ್ಷಿ’ ಎಂದು ಕರೆದದ್ದಕ್ಕೆ ನನಗೆ ಆ ಬಹುಮಾನ ವಾಪಸು ಕೊಡಬೇಕು ಅನ್ನಿಸುತ್ತದೆ. ವೀರಗಲ್ಲಿನ ಬಗ್ಗೆ ತರಗತಿಗಳಲ್ಲಿ ನಾವು ಕಲಿಯುವುದು ಅದರ ಶಿಲ್ಪವನ್ನು: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಲಿಂಗ, ಸೂರ್ಯ ಚಂದ್ರ. ಕಾರಣಗಳ ಪಟ್ಟಿಯನ್ನೂ ಕಲಿಯುತ್ತೇವೆ: ತುರುಗೋಳು, ಊರಳಿವು, ಪೆಣ್ಬುಯ್ಯಲು. ಆದರೆ ಅದರ ವಾಕ್ಯವನ್ನು ವಾಕ್ಯವಾಗಿ ಓದುವುದು ಕಡಿಮೆ.

ಸಾಮಾನ್ಯ ಜಾಡು ಇದು. ಇಂಥ ಅರಸ ನೆಲವನ್ನು ಆಳುತ್ತಿರಲು, ಇಂಥವನು ನಾಡಿಗೆ ಒಡೆಯನಾಗಿರಲು, ಇಂಥ ಊರಿನ ತುರುವನ್ನು ಕೊಂಡೊಯ್ಯಲು, ಇಂಥವನ ಮಗ ಇಂಥವನು ಇರಿದು ಸತ್ತನು. ಅರಸನ ಬಿರುದುಗಳು ಎಷ್ಟೇ ಸಾಲು ತುಂಬಲಿ, ಅವನಿರುವುದು ‘ಆಳುತ್ತಿರಲು’ ಎಂಬ ಅಧೀನ ವಾಕ್ಯದಲ್ಲಿ. ಅವನು ಕಾಲವನ್ನು ಗುರುತಿಸುವ ಪಂಚಾಂಗ. ಪೂರ್ಣ ಕ್ರಿಯಾಪದ ಬಂದು ವಾಕ್ಯ ಮುಗಿಯುವುದು ಊರಿನ ಒಬ್ಬ ಮನುಷ್ಯನ ಮೇಲೆ. ಆಮೇಲೆ ಅವನ ಮನೆಯವರಿಗೆ ಬಿಟ್ಟ ನೆಲ, ನೆತ್ತರುಗೊಡಗೆ. ದೇವನಹಳ್ಳಿ ರಸ್ತೆ ಶುರುವಾಗುವ ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಕಲ್ಲನ್ನೇ ನೋಡಿ. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಪೆರ್ಬೊಳಲ ನಾಡಿನ ಮೇಲೆ ದಾಳಿ ಬಂದಾಗ ಕಾದಿ ಸತ್ತ ಕಿಟ್ಟಯನೆಂಬವನಿಗಾಗಿ ಅದನ್ನು ನಿಲ್ಲಿಸಿದ್ದಾರೆ. ಸಾವಿರದ ಇನ್ನೂರ ಎಪ್ಪತ್ತು ವರ್ಷದ ಹಿಂದೆ ಸತ್ತ ಒಬ್ಬ ನಾಡಿಗನ ಹೆಸರು ನಮಗೆ ಗೊತ್ತು. 1749ರಲ್ಲಿ ದೇವನಹಳ್ಳಿಯ ಬಾಗಿಲಲ್ಲಿ ಹೈದರನ ಕೈಕೆಳಗೆ ನಿಂತ ಇನ್ನೂರು ಜನರಲ್ಲಿ ಒಬ್ಬನ ಹೆಸರನ್ನೂ ವಿಲ್ಕ್ಸ್ ನಮಗೆ ಕೊಡುವುದಿಲ್ಲ.

ಇದಕ್ಕೆ ಎದುರು ಮಾತೂ ಇದೆ, ನನ್ನ ಜೊತೆಯ ಸಂಶೋಧಕನೊಬ್ಬ ಹೇಳಿದ: ವೀರಗಲ್ಲನ್ನು ನಿಲ್ಲಿಸಿದವರೂ ಎಷ್ಟೋ ಕಡೆ ನಾಡಿನ ಒಡೆಯರೇ, ಇನ್ನೊಬ್ಬ ಸಾಯಲು ತಯಾರಾಗಲಿ ಎಂದೇ ಅವರು ಸತ್ತವನನ್ನು ಸ್ವರ್ಗಕ್ಕೆ ಕಳಿಸಿದ್ದು. ನಿಜ. ವೀರಗಲ್ಲು ಸಮಾನತೆಯ ಪ್ರಣಾಳಿಕೆಯಲ್ಲ. ಆದರೂ ಒಡೆಯರ ಸ್ವಾರ್ಥಕ್ಕೂ ಹೆಸರು ಬರೆಯಬೇಕಾಗಿತ್ತಲ್ಲ. ನಮ್ಮ ಅನುಕಂಪಕ್ಕೆ ಅಷ್ಟೂ ಬೇಕಾಗಿಲ್ಲ.

ಕನ್ನಡದ ಕಾದಂಬರಿ ಈ ಕೆಲಸ ಮಾಡಿತೇ? ಚಿತ್ರದುರ್ಗಕ್ಕೆ ತ.ರಾ.ಸು. ಸಿಕ್ಕರು. ‘ದುರ್ಗಾಸ್ತಮಾನ’ ಕೊನೆಯ ಮದಕರಿನಾಯಕನ ಪತನದ ದೊಡ್ಡ ಕೃತಿ. ದುರ್ಗದ ಕಾವಲುಗಾರ ಮಾತ್ರ ನಮ್ಮೆಲ್ಲರ ಮನಸ್ಸಿನಲ್ಲಿ ಉಳಿದದ್ದು ಹೆಂಡತಿಯ ಮೂಲಕ. 1972ರ ‘ನಾಗರಹಾವು’ ಸಿನಿಮಾ ಬಂದ ಮೇಲಂತೂ ಓಬವ್ವ ಮನೆಮನೆಯವಳಾದಳು. ಅವಳ ಗಂಡ, ಕನ್ನಡಿಗರೆಲ್ಲರಿಗೂ ಗೊತ್ತಿರುವ ಬಹುಶಃ ಒಬ್ಬನೇ ಕೋಟೆ ಕಾವಲುಗಾರ, ಆ ಹೊತ್ತಿನಲ್ಲಿ ಊಟಕ್ಕೆ ಕೂತಿದ್ದ. ತಮಾಷೆಯಾಗಿ ಹೇಳುತ್ತಿದ್ದೇನೆ ಅನ್ನಿಸಬಹುದು. ಆದರೆ ಕಾವಲಿನವನಿಗೆ ಹಸಿವಾಗುತ್ತದೆ, ಮನೆ ಕೋಟೆಯೊಳಗೇ ಇರುತ್ತದೆ, ನೀರಿಗೆ ಹೋದ ಹೆಂಡತಿಗೆ ಕಳ್ಳಗಂಡಿ ಗೊತ್ತಿರುತ್ತದೆ ಎಂಬ ತಿಳಿವು ಆ ಜನಪದ ಕತೆಯಲ್ಲಿದೆ. ಬಯಲುಸೀಮೆಯ ಈ ಕಡೆಯ ಕೋಟೆಗಳಿಗೆ ಅಂಥ ಕತೆಯಾಗಲಿ ತ.ರಾ.ಸು. ಆಗಲಿ ಸಿಗಲಿಲ್ಲ. ಸಿಕ್ಕದ್ದು ಪ್ರತಿಮೆಗಳು. 2022ರ ನವೆಂಬರಿನಲ್ಲಿ ವಿಮಾನ ನಿಲ್ದಾಣದಲ್ಲಿ ಅನಾವರಣಗೊಂಡ ಕೆಂಪೇಗೌಡರ ಪ್ರತಿಮೆ 108 ಅಡಿ ಎತ್ತರ, ಅದರ ಖಡ್ಗವೊಂದೇ ನಾಲ್ಕು ಟನ್. ಆ ಕತ್ತಿಯನ್ನು ಹಿಡಿಯಲು ಯಾವ ಕಾಲಾಳಿಗೂ ಆಗದು.

ಕುದುರೆ ಸವಾರರ ಅದೃಷ್ಟ ಸ್ವಲ್ಪ ಮೇಲು. ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರಿನಲ್ಲಿ ಹೈಫಾದಲ್ಲಿ ಕಾದಿದ್ದಕ್ಕೆ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಸ್ಮಾರಕವಿದೆ, ದಿನಾಚರಣೆಯಿದೆ. 1953ರಲ್ಲಿ ಸಂಸ್ಥಾನಗಳ ಸವಾರ ಪಡೆಗಳೆಲ್ಲ ಸೇರಿ 61ನೇ ಕ್ಯಾವಲ್ರಿಯಾದಾಗ ಅವರ ಪರಂಪರೆಗೊಂದು ದಾರಿಯೂ ಸಿಕ್ಕಿತು. ಕಂದಾಚಾರಕ್ಕೆ ಸಮವಸ್ತ್ರ ಇರಲಿಲ್ಲ, ಹೈಫಾ ಇರಲಿಲ್ಲ.

ಹಾಗಾದರೆ ಆ ರೀತಿಯ ಪಡೆ ಪೂರ್ತಿ ಹೋಯಿತೇ? ನನಗೆ ಕಂಡ ಒಂದು ಚಿತ್ರವನ್ನು ಹೇಳುತ್ತೇನೆ, ಇದನ್ನು ಚರಿತ್ರೆಯ ಪುರಾವೆ ಎಂದು ಮುಂದಿಡುತ್ತಿಲ್ಲ, ಹೋಲಿಕೆ ಎಂದಷ್ಟೇ. ಬೆಂಗಳೂರಿನ ಹಾಗೆ ದೇವನಹಳ್ಳಿ, ಹೊಸಕೋಟೆಗಳಲ್ಲೂ ಕರಗ ನಡೆಯುತ್ತದೆ. ಕರಗದ ಸುತ್ತ ವೀರಕುಮಾರರು ಬಿಚ್ಚುಗತ್ತಿ ಹಿಡಿದು ಓಡುತ್ತಾರೆ. ವ್ರತ, ಕಟ್ಟಳೆ, ಅಲಗು ಸೇವೆ, ಯಾರು ಯಾವ ಜಾಗದಲ್ಲಿ ನಿಲ್ಲಬೇಕು ಎಂಬ ಸರದಿ ಎಲ್ಲ ಮನೆತನದಿಂದ ಬಂದದ್ದು. ತಿಗಳರು ತಲೆಮಾರುಗಳಿಂದ ತೋಟಗಾರಿಕೆಯವರು, ತರಕಾರಿ ಹೂವು ಬೆಳೆಯುವವರು. ಒಂದು ಕರಗದ ಮರುದಿನ ಬೆಳಗ್ಗೆ ಸ್ಕೂಟರಿನ ಹಿಂದೆ ಕೂತ ಹುಡುಗನ ಮಡಿಲಲ್ಲಿ ಹಳೆ ಪಂಚೆಯಲ್ಲಿ ಸುತ್ತಿದ ಕತ್ತಿ ಇತ್ತು. ಮುಂದೆ ಕಾಲ ಬಳಿ ಸೊಪ್ಪಿನ ಮೂಟೆ. ನನ್ನ ಹಳೆಯ ಅಧ್ಯಾಯದ ಭಾಷೆಯಲ್ಲಿ ಇದನ್ನು ‘ಆಚರಣೆಯ ಅವಶೇಷ’ ಎಂದು ಬರೆದು ಮುಂದೆ ಹೋಗುತ್ತಿದ್ದೆ.

ಈಗ ಮತ್ತೆ ಆ ವೃತ್ತ ಎಳೆದ ಪದಕ್ಕೆ ಬರುತ್ತೇನೆ. ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಸವೆದ ಅಕ್ಷರಗಳು ಪರದೆಯ ಮೇಲೆ ಎದ್ದು ಬರುವುದನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಸ್ಕ್ಯಾನ್ ಮಾಡಲು ಕಲ್ಲು ಇರಬೇಕಲ್ಲ. ರೈಸ್‌ನ ಸಂಪುಟ ಕೈಯಲ್ಲಿ ಹಿಡಿದು ಊರೂರು ಸುತ್ತಿದವರಿಗೆಲ್ಲ ಗೊತ್ತಿರುವ ಸಂಗತಿ: ಪೂಜೆ ನಿಂತ ಕಲ್ಲು ಮೆಟ್ಟಿಲಾಗುತ್ತದೆ, ಮೋರಿಯ ಚಪ್ಪಡಿಯಾಗುತ್ತದೆ, ರಸ್ತೆ ಅಗಲವಾದಾಗ ಮಣ್ಣಿಗೆ ಸೇರುತ್ತದೆ. ಎಣ್ಣೆ, ಅರಿಶಿನ, ಕುಂಕುಮ ಬೀಳುವ ಕಲ್ಲು ನಿಂತಿರುತ್ತದೆ. ಅದಕ್ಕೆ ವೀರಣ್ಣ ಎಂದೋ ಮುನೇಶ್ವರ ಎಂದೋ ಹೆಸರು ಬದಲಾಗಿರಬಹುದು, ಎನಾಮೆಲ್ ಬಣ್ಣ ಅಕ್ಷರದ ಸಂದಿಯಲ್ಲಿ ಗಟ್ಟಿಯಾಗಿರಬಹುದು. ಹೀಗಾಗಿ ಇವತ್ತಿನ ಅರ್ಥದ ಕಂದಾಚಾರವೇ ಆವತ್ತಿನ ಅರ್ಥದ ಕಂದಾಚಾರದವನಂಥ ಒಬ್ಬನನ್ನು ಊರ ಬಾಗಿಲಲ್ಲಿ ನಿಲ್ಲಿಸಿಕೊಂಡಿದೆ. ಬಿಡಿಸಿ ನೋಡಬೇಕಾಗಿದೆ ಎಂದು ನಾನು ಬರೆದಿದ್ದ ಎರಡೂ ಒಂದೇ ಕಲ್ಲಿಗೆ ಅಂಟಿಕೊಂಡಿವೆ.

ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ. ಕರ್ಮಣಿ ವಾಕ್ಯಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಗುರುತು ಮಾಡಿಕೊಂಡಿದ್ದೇನೆ. ಎಷ್ಟೋ ಕಡೆ ಕರ್ತೃವಿನ ಜಾಗ ಖಾಲಿ ಬಿಡಬೇಕಾಗಿ ಬಂದಿದೆ.

ಹೋದ ತಿಂಗಳು ದೊಡ್ಡಬಳ್ಳಾಪುರದ ಕಡೆಯ ಒಂದು ಊರಿನಲ್ಲಿ, ಬೇವಿನ ಮರದ ಬುಡದಲ್ಲಿ ಒಂದು ಕಲ್ಲು ನೋಡಿದೆ. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದ ಒಬ್ಬ, ಅವನ ಬೆನ್ನಿಗೆ ಎರಡು ಹಸು. ಅಕ್ಷರ ಇರುವ ಪಟ್ಟಿಯ ಮೇಲೆ ಎಣ್ಣೆ ಕಪ್ಪಗೆ ಹೆಪ್ಪುಗಟ್ಟಿತ್ತು. ಪೂಜೆ ಮಾಡುವ ತಾತನನ್ನು ಕೇಳಿದೆ: ‘ತಾತ, ಸ್ವಲ್ಪ ಬಿಸಿನೀರು ಹಾಕಿ ಒರೆಸಿ ಓದ್ಲಾ? ಹೆಸರು ಸಿಗಬಹುದು.’

ಅವರು ಕಲ್ಲನ್ನೂ ನನ್ನ ಬ್ಯಾಗನ್ನೂ ನೋಡಿದರು. ‘ಹೆಸರು ಐತಾ ಅದ್ರಾಗೆ?’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಇವತ್ತು ಬ್ಯಾಡ ಕಣವ್ವಾ. ಸೋಮವಾರ ಪೂಜೆ ಆಗ್ಲಿ. ಮಂಗಳವಾರ ಬಾ, ನಾನೇ ಒರೆಸಿಕೊಡ್ತೀನಿ’ ಎಂದರು.

ಮಂಗಳವಾರ ಮೊದಲ ಬಸ್ಸಿಗೇ ಹೋದೆ. ತಾತ ಆಗಲೇ ನೀರು ಕಾಯಿಸಿ ಇಟ್ಟಿದ್ದರು.